ದೋಣಿ ಹಿಡಿಯುವ ಕೆಲಸ

ಚಿಂಚೋಳಿ
7 ಜುಲೈ 2024

ಪವಮಾನನಿಗೆ ಧನಶ್ರೀ ವೈನಿಯ ಆಶೀರ್ವಾದಗಳು.

ಸೇಡಂ ಮನೆಯನ್ನು ಈ ತಿಂಗಳ ಕೊನೆಗೆ ಬಿಡುತ್ತಿದ್ದೇನೆ. ನಿಮ್ಮಣ್ಣ ತೀರಿಹೋದ ಮೇಲೆ ಶನಿವಾರ ಅಲ್ಲಿಗೆ ಹೋಗಿ ಬೀಗ ತೆಗೆಯುವುದು, ಸೋಮವಾರ ಬೀಗ ಹಾಕಿ ಬಸ್ ಹಿಡಿಯುವುದು, ಇಷ್ಟೇ ಆಗಿದೆ. ಶಾಲೆ ಹೇಗೂ ಚಿಂಚೋಳಿಯಲ್ಲಿದೆ. ಇಲ್ಲಿ ಜೈತುನ್ಬೀ ಎಂಬುವವರ ಮನೆಯ ಹಿಂದಿನ ಎರಡು ಕೋಣೆ ಹಿಡಿದಿದ್ದೇನೆ. ಅಂಗಳ ದೊಡ್ಡದು, ನಿಮ್ಮಣ್ಣನ ದೋಣಿಗೂ ಜಾಗವಾಗುತ್ತದೆ.

ಆದರೆ ದೋಣಿಯನ್ನು ಮೊದಲು ವಾಡಿಗೆ, ನಿನ್ನ ಹತ್ತಿರ ಕಳಿಸುತ್ತೇನೆ. ಅದರ ಪೆಟ್ರೋಲ್ ಎಂಜಿನ್ ತೆಗೆದು ಬ್ಯಾಟರಿಯ ಮೋಟರ್ ಹಾಕಿಕೊಡಬೇಕು. ರೇಲ್ವೆಯವರು ನಿನ್ನನ್ನೇ ಡೀಸೆಲ್ ಎಂಜಿನ್ನಿನಿಂದ ಕರೆಂಟ್ ಎಂಜಿನ್ನಿಗೆ ಬದಲಿಸಿದ್ದಾರೆ. ಒಂದು ದೋಣಿಯನ್ನು ಬದಲಿಸುವುದು ನಿನಗೆ ಕಷ್ಟವಾಗಲಾರದು.

ಅದನ್ನು ನಾನು ಒಬ್ಬಳೇ ಓಡಿಸಬೇಕು.

ಫೋನಿನಲ್ಲೇ ಹೇಳಬಹುದಿತ್ತು. ನೀನು ರೈಲಿನ ಎಂಜಿನ್ನಿನಲ್ಲಿದ್ದಾಗ ನಿನ್ನ ಫೋನ್ ಬಂದ್ ಇರುತ್ತದೆ. ನೀನು ಡ್ಯೂಟಿ ಮುಗಿಸಿ ಮಲಗುವ ಹೊತ್ತಿಗೆ ನಾನು ಪಾಠದಲ್ಲಿರುತ್ತೇನೆ. ಇಬ್ಬರಿಗೂ ಬಿಡುವಾದಾಗ ಊಟದ ವಿಚಾರ ಕೇಳಿ ಫೋನ್ ಇಡುತ್ತೇವೆ. ಕಾಗದ ವಾಸಿ.

ಅತ್ತೆಯವರಿಗೆ ನಮಸ್ಕಾರ ತಿಳಿಸು. ಶ್ರೀವಿದ್ಯಾಳಿಗೆ ಆಶೀರ್ವಾದ.

ಧನಶ್ರೀ


ವಾಡಿ
28 ಜುಲೈ 2024

ವೈನಿಯವರಿಗೆ ಪವಮಾನನ ನಮಸ್ಕಾರಗಳು.

ದೋಣಿ ಟೆಂಪೋದಲ್ಲಿ ಬಂತು. ಓಣಿಯ ಹುಡುಗರೆಲ್ಲ ಕೂಡಿದ್ದರು. ಐದು ಅಡಿ ಉದ್ದದ, ಪಕ್ಕ ಪಕ್ಕ ಎರಡು ಒಡಲಿನ ದೋಣಿಯನ್ನು ಅವರೆಲ್ಲಿ ನೋಡಿರಬೇಕು? ಇದನ್ನೇನು ಇಬ್ಬರು ಹತ್ತಿ ತುಳಿಯುತ್ತಾರೋ ಎಂದು ಒಬ್ಬ ಕೇಳಿದ. ಇಲ್ಲಪ್ಪ, ದಂಡೆಯ ಮೇಲೆ ನಿಂತು ರಿಮೋಟಿನಲ್ಲಿ ಓಡಿಸುವುದು ಎಂದರೆ ನಂಬಲಿಲ್ಲ. ಅವ್ವ ಮಾತ್ರ ಹೊರಗೆ ಬರಲಿಲ್ಲ. ಎಲ್ಲರೂ ಹೋದ ಮೇಲೆ ಬಂದು, ಅಪ್ಪನ ಹಳೇ ಧೋತ್ರವೊಂದನ್ನು ಅದರ ಮೇಲೆ ಹೊದಿಸಿ ಒಳಗೆ ಹೋದಳು.

ಈಗ ನನ್ನ ತಕರಾರು ಕೇಳಿ. ಹುಲ್ಲು ಕತ್ತರಿಸುವ ಯಂತ್ರದಿಂದ ಆ ಎಂಜಿನ್ ತೆಗೆದು, ಎರಡು ಮಳೆಗಾಲ ಕೂತು ಅಣ್ಣ ಈ ದೋಣಿ ಮಾಡಿದ್ದ. ನಾನು ಕರೆಂಟ್ ಎಂಜಿನ್ನಿನ ತರಬೇತಿ ಮುಗಿಸಿ ಬಂದಾಗ ಅವನು ಎಷ್ಟು ನಕ್ಕಿದ್ದ ಎಂಬುದು ನಿಮಗೂ ನೆನಪಿರಬೇಕು. "ನಿನ್ನ ರೈಲು ಈಗ ಫ್ಯಾನ್ ಆತಲೇ. ನನ್ನ ದೋಣಿಗೆ ಮಾತ್ರ ನಾ ಕರೆಂಟ್ ತಾಗಸಂಗಿಲ್ಲ" ಅಂದಿದ್ದ. ಅಂಥವನ ದೋಣಿಗೆ ನನ್ನ ಕೈಯಿಂದಲೇ ಮೋಟರ್ ಹಾಕಿಸುತ್ತೀರಾ?

ಇನ್ನು ಒಬ್ಬರೇ ಓಡಿಸುವ ಮಾತು. ಈ ದೋಣಿಗೆ ಇಬ್ಬರು ಬೇಕೇ ಬೇಕು. ಒಬ್ಬರು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಎರಡೂ ಒಡಲನ್ನು ಗಟ್ಟಿಯಾಗಿ ಹಿಡಿಯಬೇಕು, ಇನ್ನೊಬ್ಬರು ಹಗ್ಗ ಎಳೆದು ಎಂಜಿನ್ ಎಬ್ಬಿಸಬೇಕು. ಅಣ್ಣ "ಬಿಡು" ಅಂದಾಗ ಬಿಡಬೇಕು. ಎಷ್ಟು ಸಲ ನಾನು ಹಿಡಿದಿದ್ದೇನೆ, ನಾನು ಡ್ಯೂಟಿಯಲ್ಲಿದ್ದಾಗ ಎಷ್ಟು ಸಲ ನೀವು ಸೀರೆ ಎತ್ತಿ ಕಟ್ಟಿ ಹಿಡಿದಿದ್ದೀರಿ. ಎಂಜಿನ್ನಿನ ನಡುಕಕ್ಕೆ ಕೈಗೆ ಜೋಮು ಹಿಡಿಯಿತು ಎಂದು ಮನೆಗೆ ಬಂದು ಅವನನ್ನು ಬೈಯುತ್ತಿದ್ದಿರಿ. ಈಗಲೂ ಹಿಡಿಯುವುದಕ್ಕೆ ನಾನಿದ್ದೇನಲ್ಲ. ಒಂದು ಮಾತು ಹೇಳಿದರೆ ರಜೆ ಹಾಕಿ ಬರುತ್ತೇನೆ. ನಿಮಗೆ ನಾವು ಬೇಡವಾದೆವೇನೋ ಅನಿಸಿತು. ಅನಿಸಿದ್ದನ್ನು ಬರೆದಿದ್ದೇನೆ, ಸಿಟ್ಟಾಗಬೇಡಿ.

ನಿಮ್ಮ ನೆಗೆಣ್ಣಿ ಶ್ರೀವಿದ್ಯಾ ಶೇಂಗಾ ಚಟ್ನಿ ಕಳಿಸಿದ್ದಾಳೆ.

ಪವಮಾನ


ಚಿಂಚೋಳಿ
2 ಆಗಸ್ಟ್ 2024

ಪವಮಾನ,

ಬೇಡವಾಗಿಲ್ಲ. ಕಾರಣ ಬೇರೆ ಇದೆ, ಹೇಳುತ್ತೇನೆ. ಹೇಳಿದ ಮೇಲೆ ಆ ವಿಚಾರ ಮತ್ತೆ ಎತ್ತಬೇಡ.

ನಿಮ್ಮಣ್ಣ ಆಫೀಸಿನಲ್ಲಿ ಮೇಜಿನ ಮೇಲೆ ತಲೆಯಿಟ್ಟು ಹೋದರು ಎಂದು ಫೋನ್ ಬಂದಾಗ ನಾನು ಒಂಬತ್ತನೇ ತರಗತಿಗೆ ಲೆಕ್ಕ ಹೇಳುತ್ತಿದ್ದೆ. ಬೋರ್ಡಿನ ಮೇಲಿದ್ದ ಲೆಕ್ಕ ಮುಗಿಸಿಯೇ ಹೊರಗೆ ಬಂದೆ. ಅಂದಿನಿಂದ ಇಂದಿನವರೆಗೆ ನನಗೆ ಅಳು ಬಂದಿಲ್ಲ. ಅಳು ತಡೆದುಕೊಂಡಿದ್ದೇನೆ ಎಂದು ಜನ ತಿಳಿದಿದ್ದಾರೆ. ತಡೆದುಕೊಳ್ಳುವಂಥದ್ದು ಏನೂ ಇಲ್ಲ. ಉಣ್ಣುತ್ತೇನೆ, ನಿದ್ದೆ ಮಾಡುತ್ತೇನೆ, ಪೇಪರ್ ತಿದ್ದುತ್ತೇನೆ. ನಿಮ್ಮಣ್ಣನ ಅಂಗಿಗಳನ್ನು ಮಡಚಿ ಕೊಟ್ಟುಬಿಟ್ಟೆ, ಆಗಲೂ ಏನೂ ಅನಿಸಲಿಲ್ಲ. ಹದಿನಾಲ್ಕು ವರ್ಷ ಸಂಸಾರ ಮಾಡಿದವಳು ಹೀಗಿರಬಹುದೇ ಎಂದು ನನಗೇ ಹೆದರಿಕೆಯಾಗುತ್ತದೆ.

ದೋಣಿಯನ್ನು ನೀರಿಗೆ ಬಿಟ್ಟರೆ ಏನಾದರೂ ಆದೀತು ಎಂದು ಒಂದು ಆಸೆ. ಆಗದೇ ಹೋದರೆ, ಅದನ್ನು ನೋಡಲು ಅಲ್ಲಿ ಯಾರೂ ಇರಬಾರದು. ನೀನಂತೂ ಇರಬಾರದು. ಅದಕ್ಕೇ ಒಬ್ಬಳೇ ಎಂದದ್ದು.

ಚಟ್ನಿ ಚೆನ್ನಾಗಿದೆ.

ಧನಶ್ರೀ


ವಾಡಿ
15 ಸೆಪ್ಟೆಂಬರ್ 2024

ವೈನಿ, ನಮಸ್ಕಾರ.

ತಡವಾಯಿತು. ನಿಮ್ಮ ಕಾಗದ ಎರಡು ಸಲ ಓದಿದೆ. ಹೇಳಿದಂತೆ ಆ ವಿಚಾರ ಎತ್ತುವುದಿಲ್ಲ.

ದೋಣಿಯ ಕೆಲಸ ನಡೆದಿದೆ. ಒಂದೊಂದು ಒಡಲಿಗೆ ಒಂದೊಂದು ಮೋಟರ್, ಒಂದೊಂದು ಬ್ಯಾಟರಿ ಹಾಕುವುದೆಂದು ಯೋಚಿಸಿದ್ದೇನೆ. ಮೋಟರ್ ಆನ್‌ಲೈನಿನಲ್ಲಿ ಬಂದವು. ಆದರೆ ಮೋಟರಿನ ದಂಡಕ್ಕೂ ನೀರಿನೊಳಗಿನ ರೆಕ್ಕೆ ತಿರುಗಿಸುವ ದಂಡಕ್ಕೂ ಅಳತೆ ಕೂಡುತ್ತಿಲ್ಲ. ಶಹಾಬಾದಿನಲ್ಲಿ ಚಂದ್ರಾಮ ಎಂಬುವನ ಲೇತ್ ಇದೆ, ಹಿತ್ತಾಳೆಯ ಜೋಡಣೆ ಮಾಡಿಕೊಡುತ್ತೇನೆ ಎಂದಿದ್ದಾನೆ. ಅವನಿಗೆ ಫರಶಿ ಕಲ್ಲು ಕೊಯ್ಯುವ ಮಷೀನುಗಳ ರಿಪೇರಿಯೇ ಮುಗಿಯುವುದಿಲ್ಲ. ಹೋದಾಗಲೆಲ್ಲ ನಾಳೆ ಎನ್ನುತ್ತಾನೆ. ನನಗೂ ಈ ತಿಂಗಳು ಸಿಮೆಂಟ್ ಗಾಡಿಗಳ ಡ್ಯೂಟಿ ಮೇಲಿಂದ ಮೇಲೆ ಬರುತ್ತಿದೆ. ಹೀಗಾಗಿ ಹಳೆಯ ಎಂಜಿನ್ ಇನ್ನೂ ಇದ್ದಲ್ಲೇ ಇದೆ.

ಮಳೆ ಬಿಟ್ಟು ಮಳಖೇಡದಲ್ಲಿ ಕಾಗಿಣಾ ಹೊಳೆ ಇಳಿಯುವುದಕ್ಕೆ ಇನ್ನೂ ಸಮಯವಿದೆಯಲ್ಲ.

ಪವಮಾನ


ಚಿಂಚೋಳಿ
22 ಸೆಪ್ಟೆಂಬರ್ 2024

ಪವಮಾನ,

ಎಂಜಿನ್ ಬಿಚ್ಚುವುದಕ್ಕೆ ಚಂದ್ರಾಮನ ಹಿತ್ತಾಳೆ ಯಾಕೆ ಬೇಕು? ನಾಲ್ಕು ಬೋಲ್ಟು. ನಿಮ್ಮಣ್ಣ ಬಿಚ್ಚಿದಾಗಲೆಲ್ಲ ನಾನೇ ಪಾನಾ ಎತ್ತಿ ಕೊಟ್ಟವಳು, ನನಗೆ ಗೊತ್ತಿದೆ. ನಿನಗೆ ಬಿಚ್ಚಲು ಮನಸ್ಸಿಲ್ಲ. ಮನಸ್ಸಿಲ್ಲ ಎಂದರೆ ಹಾಗೆಂದೇ ಬರೆ, ಬೇರೆಯವರ ಕೈಯಿಂದ ಮಾಡಿಸುತ್ತೇನೆ.

ಇಲ್ಲಿ ಜೈತುನ್ಬೀ ರೊಟ್ಟಿ ಬಡಿಯುತ್ತ ದಿನಾ ನನ್ನ ಮುಖ ನೋಡುತ್ತಾರೆ. ನಿನ್ನೆ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು, "ಅತ್ತುಬಿಡ್ರಿ ಟೀಚರಬಾಯಿ, ದಿಲ್ ಹಗುರ ಆಗ್ತದ" ಅಂದರು. ಹಗುರ ಮಾಡಿಕೊಳ್ಳಲು ಮೊದಲು ಭಾರವಿರಬೇಕಲ್ಲ. ತಲೆಯಾಡಿಸಿ ರೊಟ್ಟಿ ತಿಂದೆ.

ಧನಶ್ರೀ


ವಾಡಿ
20 ಅಕ್ಟೋಬರ್ 2024

ವೈನಿಯವರಿಗೆ ನಮಸ್ಕಾರ.

ಎಂಜಿನ್ ಬಿಚ್ಚಿದೆ. ಒರೆಸಿ, ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಎರಡೂ ಮೋಟರ್ ಕೂತಿವೆ. ಚಂದ್ರಾಮ ಕಡೆಗೂ ಜೋಡಣೆ ಕೊಟ್ಟ, ಕೆಲಸ ಒಳ್ಳೆಯದಿದೆ. ಎಂಜಿನ್ ಹೋದ ಮೇಲೆ ಮೂತಿ ನೀರಿಗೆ ಬಗ್ಗುತ್ತಿತ್ತು, ಬ್ಯಾಟರಿಗಳನ್ನು ಹಿಂದೆ ಸರಿಸಿ ಸಮ ಮಾಡಿದೆ. ಮೋಟರ್ ಬಿಸಿಯಾಗದಂತೆ ನೀರು ಹರಿಯುವ ಸಣ್ಣ ನಳಿಕೆ ಮೊದಲಿನದೇ ಸಾಕಾಯಿತು.

ಟಾಂಕಿಯಲ್ಲಿ ಪೆಟ್ರೋಲ್ ತುಂಬಿತ್ತು. ಆಯಿಲ್ ಬೆರೆಸಿದ್ದು, ಬೇರೆ ಗಾಡಿಗೆ ನಡೆಯುವುದಿಲ್ಲ. ಚೆಲ್ಲುವುದೇಕೆ ಎಂದು ಅಪ್ಪನ ಹಳೇ ಲೂನಾಕ್ಕೆ ಹಾಕಿ ಓಡಿಸಿಬಿಟ್ಟೆ. ಹಾಳಾಗಲಿಲ್ಲ.

ಇನ್ನು ವೈರಿಂಗ್ ಒಂದೇ ಉಳಿದಿದೆ. ದೀಪಾವಳಿಗೆ ನಮ್ಮಲ್ಲಿ ಈ ವರ್ಷ ಏನೂ ಇಲ್ಲ, ಆದರೂ ಬಂದು ಹೋಗಿ ಎಂದು ಅವ್ವ ಹೇಳಿದ್ದಾಳೆ.

ಪವಮಾನ


ವಾಡಿ
17 ನವೆಂಬರ್ 2024

ವೈನಿ, ನಮಸ್ಕಾರ.

ದೀಪಾವಳಿಗೆ ನೀವು ಬರಲಿಲ್ಲ. ಕಾಗದವೂ ಇಲ್ಲ. ಫೋನ್ ಎತ್ತಲಿಲ್ಲ. ಪರೀಕ್ಷೆಯ ಕೆಲಸವಿರಬೇಕು ಎಂದು ಶ್ರೀವಿದ್ಯಾ ಹೇಳುತ್ತಾಳೆ. ಆರೋಗ್ಯವಾಗಿದ್ದೀರಿ ತಾನೇ?

ಪವಮಾನ


ಚಿಂಚೋಳಿ
1 ಡಿಸೆಂಬರ್ 2024

ಪವಮಾನ,

ಆರೋಗ್ಯವಾಗಿದ್ದೇನೆ.

ಆ ಪೆಟ್ರೋಲ್ ನಿಮ್ಮಣ್ಣ ಹೋದ ದಿನ ಬೆಳಿಗ್ಗೆ ಕಲಸಿದ್ದು. ಸಂಜೆ ನಾವಿಬ್ಬರೂ ಮಳಖೇಡಕ್ಕೆ ಹೋಗುವುದಿತ್ತು. ಆಫೀಸಿಗೆ ಹೊರಡುವ ಮುಂಚೆ ಅಂಗಳದಲ್ಲಿ ಕೂತು ಬಾಟಲಿಯಲ್ಲಿ ಅಲುಗಾಡಿಸಿ, ಬೆಳಕಿಗೆ ಹಿಡಿದು ಬಣ್ಣ ನೋಡಿ ಟಾಂಕಿಗೆ ಹಾಕಿದ್ದರು. ಕೈ ತೊಳೆದುಕೊಳ್ಳಲಿಲ್ಲ ಎಂದು ನಾನು ಗೊಣಗಿದ್ದೆ.

ಅದು ನನಗೆ ಬೇಕಿತ್ತು ಎಂದು ನಿನ್ನ ಕಾಗದ ಓದುವವರೆಗೆ ನನಗೂ ಗೊತ್ತಿರಲಿಲ್ಲ. ಹೇಳದ್ದು ನನ್ನದೇ ತಪ್ಪು. ಹಾಳಾಗಲಿಲ್ಲ ಎಂದು ಬರೆದಿದ್ದೀಯ. ಲೂನಾ ಚೆನ್ನಾಗಿ ಓಡಿತೇ?

ದೋಣಿಗೆ ಇನ್ನು ಅವಸರವಿಲ್ಲ.

ಧನಶ್ರೀ


ವಾಡಿ
5 ಡಿಸೆಂಬರ್ 2024

ವೈನಿ,

ಲೂನಾ ಚೆನ್ನಾಗಿ ಓಡಿತು. ಎಲ್ಲಿಗೆ ಓಡಿತು ಎಂಬುದನ್ನು ನಾನು ಬರೆದಿರಲಿಲ್ಲ. ಈಗ ಬರೆಯುತ್ತೇನೆ.

ಟಾಂಕಿ ತುಂಬಿದ್ದು ನೋಡಿದಾಗಲೇ ಅದು ಅಣ್ಣನ ಕೈಯದು ಎಂದು ನನಗೆ ಗೊತ್ತಾಯಿತು. ಆ ನೀಲಿ ಆಯಿಲ್ ಅವನೊಬ್ಬನೇ ತರುತ್ತಿದ್ದ. ಇಟ್ಟುಕೊಂಡರೆ ಎಷ್ಟು ದಿನ ಇಟ್ಟುಕೊಳ್ಳಲಿ? ಕೆಟ್ಟು ಅಂಟಾಗುತ್ತದೆ. ಎಂಜಿನ್ ತಿರುಗಿ ಕೂರಿಸಿ ನಿಮ್ಮನ್ನು ಕರೆಯಬಹುದಿತ್ತು, ಆ ಯೋಚನೆಯೂ ಬಂತು. ಕರೆಯಲಿಲ್ಲ. ನನಗೂ ಒಂದು ಸಲ ಅವನ ಜೊತೆ ಒಬ್ಬನೇ ಇರಬೇಕಿತ್ತು.

ರೆಸ್ಟ್ ಇದ್ದ ದಿನ ಬೆಳಿಗ್ಗೆ ಲೂನಾ ತೆಗೆದುಕೊಂಡು ಚಿತ್ತಾಪುರ ದಾಟಿ ಮಳಖೇಡದ ದಾರಿ ಹಿಡಿದೆ. ಹಿಂದೆ ಹೊಗೆ ಏಳುತ್ತಿತ್ತು, ಭಾನುವಾರ ಸಂಜೆ ಅಣ್ಣನ ಅಂಗಿಗೆ ಬರುತ್ತಿದ್ದ ವಾಸನೆಯೇ ಅದು. ನಿಧಾನ ಓಡಿಸಿದೆ. ಮಳಖೇಡ ಮುಟ್ಟಲಿಲ್ಲ. ನಡುವೆ ತೊಗರಿ ಹೊಲಗಳ ಹತ್ತಿರ ಎರಡು ಸಲ ಕೆಮ್ಮಿ ನಿಂತಿತು. ಅಲ್ಲಿಯೇ ಕಲ್ಲಿನ ಮೇಲೆ ಕೂತೆ. ಬಹಳ ಹೊತ್ತು ಅತ್ತೆ, ವೈನಿ. ಆಮೇಲೆ ಲೂನಾ ತಳ್ಳಿಕೊಂಡು ಚಿತ್ತಾಪುರಕ್ಕೆ ಬಂದೆ. ಮನೆಯಲ್ಲಿ ಪಂಕ್ಚರ್ ಆಯಿತು ಎಂದು ಹೇಳಿದೆ.

ನಿಮಗೆ ಅಳು ಬರುತ್ತಿಲ್ಲ ಎಂದು ಓದಿದವನು ನಾನು. ಆದರೂ ಆ ಪೆಟ್ರೋಲನ್ನು ನನ್ನ ಪಾಲಿಗೆ ಇರಲಿ ಎಂದು ಪೂರಾ ತೆಗೆದುಕೊಂಡೆ. ಏನು ಬೇಕಾದರೂ ಅನ್ನಿ.

ದೋಣಿಯನ್ನು ಮನೆಯ ಹಿಂದಿನ ನೀರಿನ ಹೌದಿನಲ್ಲಿ ಬಿಟ್ಟು ನೋಡಿದೆ. ಮುಂದೆ ಹೋಗುವ ಬದಲು ಇದ್ದಲ್ಲೇ ಗಿರಗಿರ ತಿರುಗುತ್ತದೆ.

ಪವಮಾನ


ಚಿಂಚೋಳಿ
11 ಡಿಸೆಂಬರ್ 2024

ಪವಮಾನ,

ಓದಿದೆ. ಸಿಟ್ಟು ಬಂತು. ಕಾಗದವನ್ನು ಎರಡು ತುಂಡು ಮಾಡಿದೆ. ನೀನು ಆ ಕಲ್ಲಿನ ಮೇಲೆ ಕೂತು ಅತ್ತದ್ದಕ್ಕೆ ಹೊಟ್ಟೆಕಿಚ್ಚಾಯಿತು. ಹರಿದ ಮೇಲೆ ನನಗೇ ಆಶ್ಚರ್ಯ. ಫೆಬ್ರುವರಿಯಿಂದ ಈಚೆಗೆ ನನಗೆ ಬಂದ ಮೊದಲ ಸಿಟ್ಟು ಇದು. ಆ ರಾತ್ರಿಯ ಊಟಕ್ಕೆ ಉಪ್ಪು ಕಡಿಮೆಯಾದದ್ದೂ ತಿಳಿಯಿತು.

ಬೆಳಿಗ್ಗೆ ತುಂಡುಗಳನ್ನು ಟೇಪಿನಿಂದ ಅಂಟಿಸಿದೆ. ಪೆಟ್ರೋಲ್ ಮಳಖೇಡದ ದಾರಿಯಲ್ಲಿ ಮುಗಿಯಿತಲ್ಲ, ಇರಲಿ. ಪೆಟ್ಟಿಗೆಯಲ್ಲಿಟ್ಟು ಕಾಯುವಂಥ ವಸ್ತುವಲ್ಲ ಅದು.

ವರ್ಷಾಬ್ದಿಕವನ್ನು ಮಳಖೇಡದ ಮಠದಲ್ಲೇ ಮಾಡುತ್ತೀಯ ಎಂದು ಅತ್ತೆಯವರು ಫೋನಿನಲ್ಲಿ ಹೇಳಿದರು. ಬರುತ್ತೇನೆ. ದೋಣಿಯನ್ನೂ ಅಲ್ಲಿಗೇ ತಾ. ಗಿರಗಿರ ತಿರುಗುವುದನ್ನು ಅಷ್ಟರಲ್ಲಿ ನಿಲ್ಲಿಸು. ಅಂದು ನೀನು ಅಲ್ಲಿದ್ದರೂ ನಡೆದೀತು.

ಧನಶ್ರೀ


ವಾಡಿ
12 ಜನವರಿ 2025

ವೈನಿಯವರಿಗೆ ನಮಸ್ಕಾರ.

ಗಿರಗಿರ ನಿಂತಿತು. ಎರಡು ಒಡಲಿನ ರೆಕ್ಕೆಗಳು ಒಂದಕ್ಕೊಂದು ತಿರುವುಮುರುವು ಇವೆ, ಮೋಟರುಗಳೂ ಹಾಗೆಯೇ ತಿರುಗಬೇಕು. ನಾನು ಎರಡನ್ನೂ ಒಂದೇ ಕಡೆಗೆ ತಿರುಗಿಸುತ್ತಿದ್ದೆ, ಹೀಗಾಗಿ ಒಂದು ಮುಂದಕ್ಕೆ ತಳ್ಳಿದರೆ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಒಂದು ಮೋಟರಿನ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದೆ, ಅಷ್ಟೇ. ಇದು ಹೊಳೆಯಲು ಕರೆಂಟ್ ರೈಲು ಓಡಿಸುವವನಿಗೆ ಒಂದು ತಿಂಗಳು ಬೇಕಾಯಿತು. ಅಣ್ಣನಿದ್ದರೆ ಊರಿಗೆಲ್ಲ ಹೇಳಿ ನಗುತ್ತಿದ್ದ.

ಈಗ ಗುಂಡಿ ಒತ್ತಿದರೆ ಸಾಕು. ಸದ್ದಿಲ್ಲ, ಹೊಗೆಯಿಲ್ಲ. ಹಿಡಿಯುವವರು ಬೇಕಿಲ್ಲ. ನೀವು ಕೇಳಿದ್ದು ಇದನ್ನೇ. ಮುಗಿಸಿದ ದಿನ ನನಗೇನೂ ಸಂತೋಷವಾಗಲಿಲ್ಲ ಎಂಬುದನ್ನೂ ಬರೆದುಬಿಡುತ್ತೇನೆ.

ಫೆಬ್ರುವರಿ ಒಂಬತ್ತಕ್ಕೆ ಬೆಳಿಗ್ಗೆಯೇ ಮಠಕ್ಕೆ ಬನ್ನಿ.

ಪವಮಾನ


ವಾಡಿ
11 ಫೆಬ್ರುವರಿ 2025

ವೈನಿ,

ಏನಾಯಿತು? ದೋಣಿ ಚೆನ್ನಾಗಿಯೇ ಹೋಯಿತು, ಕೋಟೆಯ ಗೋಡೆಯ ತನಕ ಹೋಗಿ ತಿರುಗಿ ಬಂತು. ರಿಮೋಟ್ ನಿಮ್ಮ ಕೈಗೆ ಕೊಡಲು ಬಂದರೆ ತಲೆಯಾಡಿಸಿ ಹೊಳೆಯ ಮೆಟ್ಟಿಲು ಹತ್ತಿದಿರಿ. ಅವ್ವನಿಗೆ ನಮಸ್ಕಾರ ಮಾಡಿ ಬಸ್ಸಿಗೆ ಹೋಗಿಬಿಟ್ಟಿರಿ. ದೋಣಿಯನ್ನು ಅಲ್ಲೇ ಬಿಟ್ಟಿರಿ.

ನಾನು ಅದನ್ನು ಕೆಡಿಸಿದೆ ಎಂದು ಕಾಣುತ್ತದೆ. ಹಾಗಿದ್ದರೆ ಹೇಳಿ. ಎಂಜಿನ್ ಅಟ್ಟದ ಮೇಲೆ ಇದೆ, ಮತ್ತೆ ಕೂರಿಸುತ್ತೇನೆ. ನಾಲ್ಕು ಬೋಲ್ಟು.

ಪವಮಾನ


ಚಿಂಚೋಳಿ
16 ಫೆಬ್ರುವರಿ 2025

ಪ್ರೀತಿಯ ಪವಮಾನ,

ನೀನು ಕೆಡಿಸಿಲ್ಲ. ನೀನು ನನ್ನ ಬೆನ್ನು ಮಾತ್ರ ನೋಡಿದ್ದೀಯ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ದೋಣಿಯನ್ನು ನೀರಿಗಿಟ್ಟಾಗ ನಾನು ಇಳಿದು ಹಿಡಿದುಕೊಂಡೆ. "ಹಿಡಿಯೋದು ಬ್ಯಾಡ್ರಿ ವೈನಿ, ಅದು ತಾನೇ ಹೋಗ್ತದ" ಎಂದು ನೀನು ಹೇಳಿದ್ದು ಕೇಳಿಸಿತ್ತು. ನನಗೆ ಬೇರೆ ರೀತಿಯಲ್ಲಿ ನಿಲ್ಲಲು ಬರಲಿಲ್ಲ. ಎರಡೂ ಕೈ ಎರಡು ಒಡಲಿನ ಮೇಲೆ, ಸೀರೆ ಎತ್ತಿ ಕಟ್ಟಿ, ನಿಮ್ಮಣ್ಣನ ಜೊತೆ ನಿಲ್ಲುತ್ತಿದ್ದ ಹಾಗೆಯೇ ನಿಂತೆ. ಯಾರೋ "ಬಿಡು" ಅನ್ನುತ್ತಾರೆ ಎಂದು ಕಾಯ್ದೆ. ನೀನು ಏನೂ ಅನ್ನಲಿಲ್ಲ, ನಿನಗೆ ಅನ್ನುವ ಕಾರಣವೂ ಇರಲಿಲ್ಲ. ದೋಣಿ ನನ್ನ ಕೈಯಿಂದ ಜಾರಿಹೋಯಿತು. ಹೋದದ್ದು ಕಣ್ಣಿಗೆ ಕಂಡಿತು, ಕೈಗೆ ತಿಳಿಯಲಿಲ್ಲ. ಆಗಲೂ ನನಗೆ ಏನೂ ಆಗಲಿಲ್ಲ. ಇದೂ ಮುಗಿಯಿತು ಎಂದುಕೊಂಡು ಮೆಟ್ಟಿಲು ಹತ್ತಿದೆ.

ಸೇಡಂ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಕಂಡಕ್ಟರ್ ಬಂದ. ಚೀಲದ ದಾರ ಬಿಚ್ಚಿ ಆಧಾರ್ ಕಾರ್ಡ್ ತೆಗೆದು ತೋರಿಸಿದೆ, ಟಿಕೆಟ್ ಇಸಿದುಕೊಂಡು ಮಡಚಿ ಒಳಗಿಟ್ಟು ದಾರ ಕಟ್ಟಿದೆ. ಕಟ್ಟಿದ ಮೇಲೆ ಕೈ ನೋಡಿಕೊಂಡೆ.

ಜೋಮಿನ ವಿಚಾರ ನಿನಗೆ ಗೊತ್ತು, ಬಸ್ಸಿನದು ಗೊತ್ತಿರಲಾರದು. ದೋಣಿ ಹಿಡಿದ ಸಂಜೆ ನನ್ನ ಕೈಗಳು ಮೊಣಕೈಯವರೆಗೆ ಜೋಮು ಹಿಡಿದಿರುತ್ತಿದ್ದವು. ದೋಣಿಯನ್ನು ಟೆಂಪೋಕ್ಕೆ ಹಾಕಿ ಬಸ್ ಹತ್ತಿದರೆ, ಮಳಖೇಡ ಬಿಟ್ಟು ಸೇಡಂ ಬರುವವರೆಗೂ ಬೆರಳು ನನ್ನವಲ್ಲ. ಚೀಲದ ದಾರ ಬಿಚ್ಚಲು ಬರುತ್ತಿರಲಿಲ್ಲ. ನಿಮ್ಮಣ್ಣನೇ ಬಿಚ್ಚಿ ಕಾರ್ಡ್ ತೋರಿಸಿ ಮತ್ತೆ ಕಟ್ಟುತ್ತಿದ್ದರು. ನಾನು ಉದ್ದಕ್ಕೂ ಬೈಯುತ್ತಿದ್ದೆ, ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ತಿಕ್ಕುತ್ತ ಕೂತಿರುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಜನರ ಎದುರಿಗೆ ಅವರು ನನ್ನ ಕೈ ಹಿಡಿದದ್ದು ಆ ಬಸ್ಸಿನಲ್ಲಿ ಮಾತ್ರ.

ಅಂದು ನನ್ನ ಕೈಗೆ ಏನೂ ಆಗಿರಲಿಲ್ಲ. ಹತ್ತೂ ಬೆರಳು ನೆಟ್ಟಗಿದ್ದವು. ದಾರ ನಾನೇ ಕಟ್ಟಿದ್ದೆ. ಆಗ ಬಂತು. ಹೇಗೆ ಬಂತು ಎಂದರೆ ಬಾಯಿಗೆ ಸೆರಗು ಒತ್ತಿ ಹಿಡಿದರೂ ನಿಲ್ಲಲಿಲ್ಲ. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರ್ ಹಿಂದಿನಿಂದ ಬಂದು, "ಯಾಕ್ರಿ ಮೇಡಂ, ಆರಾಮಿಲ್ಲೇನ್ರಿ?" ಅಂದ.

"ಏನಿಲ್ಲರಿ" ಅಂದೆ. "ಕೈ ಬರೋಬ್ಬರಿ ಅವ."

ಅವನಿಗೆ ಏನು ತಿಳಿಯಿತೋ, ನೀರಿನ ಬಾಟಲಿ ಕೊಟ್ಟು ಹೋದ. ಸೇಡಂನಲ್ಲಿ ಇಳಿದು ಬಸ್ ಬದಲಿಸುವಾಗಲೂ ಅತ್ತೆ. ಚಿಂಚೋಳಿ ಬರುವವರೆಗೂ ಅತ್ತೆ. ಜೈತುನ್ಬೀ ಬಾಗಿಲಲ್ಲೇ ನನ್ನ ಮುಖ ನೋಡಿ ಚಹಾಕ್ಕೆ ಇಟ್ಟರು. ಈಗ ದಿನಾ ಅಳು ಬರುತ್ತದೆ, ಶಾಲೆಯಲ್ಲೂ ಒಮ್ಮೆ ಬಂತು. ಇಷ್ಟು ನೋವಾಗುತ್ತದೆ ಎಂದು ಗೊತ್ತಿರಲಿಲ್ಲ. ಆದರೂ ಮೊದಲಿನ ಹಾಗಿರುವುದಕ್ಕಿಂತ ಇದು ಮೇಲು.

ಎಂಜಿನ್ ಅಟ್ಟದ ಮೇಲೇ ಇರಲಿ. ದೋಣಿ ಈಗಿರುವ ಹಾಗೆಯೇ ಇರಲಿ. ಮುಂದಿನ ರೆಸ್ಟ್ ದಿನ ಅದನ್ನು ಇಲ್ಲಿಗೆ ತೆಗೆದುಕೊಂಡು ಬಾ, ಚಂದ್ರಂಪಳ್ಳಿ ಡ್ಯಾಮಿನಲ್ಲಿ ನೀರಿದೆ. ಶ್ರೀವಿದ್ಯಾಳನ್ನೂ ಅತ್ತೆಯವರನ್ನೂ ಕರೆದುಕೊಂಡು ಬಾ. ಓಡಿಸುವುದು ನನಗೆ ಕಲಿಸು. ಹಿಡಿಯುವ ಕೆಲಸ ಇನ್ನಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಲ್ಲಲು ಬಾ.

ನಿನ್ನ ವೈನಿ
ಧನಶ್ರೀ